ಆಷಾಢದ ರಿಟೈರು

ಸಂಜೆ ಮಿಲ್ಲಿನಿಂದ ಬಂದಾಗ ಮಾವನ ಕಿವಿಯ ಕೂದಲಿನಲ್ಲಿ ಹತ್ತಿಯ ಎಳೆಗಳು ಸಿಕ್ಕಿಕೊಂಡಿರುತ್ತಿದ್ದವು. ಹುಬ್ಬಿನ ಮೇಲೂ ಅದೇ ಬಿಳುಪು. ನಲವತ್ತಾರರ ಮನುಷ್ಯ ಅರವತ್ತರವರಂತೆ ಕಾಣುತ್ತಿದ್ದರು. ನಲ್ಲಿಯ ಹತ್ತಿರ ನಿಂತು ಮುಖ ತೊಳೆದು, ಒಂದಷ್ಟು ಹೊತ್ತು ಕೆಮ್ಮಿ, ಆಮೇಲೆ ಮನೆಯೊಳಗೆ ಹೋಗುವರು. ಮಾಗಡಿ ರಸ್ತೆಯ ವಠಾರದಲ್ಲಿ ಅವರದು ನಮ್ಮ ಪಕ್ಕದ ಮನೆ. ನಾನು ಅವರನ್ನು ಮಾವ ಎಂದೂ, ಅವರ ಹೆಂಡತಿಯನ್ನು ಅತ್ತೆ ಎಂದೂ ಕರೆಯುತ್ತಿದ್ದೆ. ಆಗಷ್ಟೇ ಪ್ರೈಮರಿ ಸ್ಕೂಲಿನಲ್ಲಿ ಕೆಲಸಕ್ಕೆ ಸೇರಿದ್ದ ನನ್ನನ್ನು ವಠಾರದಲ್ಲಿ ಮಾವ ಒಬ್ಬರೇ ಟೀಚರಮ್ಮ ಅನ್ನುತ್ತಿದ್ದರು. ನನಗೆ ಒಳಗೊಳಗೇ ಜಂಬ.

ಐವತ್ತರ ದಶಕದ ಮಾತು. ಕೆಲಸ ಸಿಗಲಿ ಎಂದು ಜನ ಹರಕೆ ಹೊರುತ್ತಿದ್ದ ಕಾಲದಲ್ಲಿ ಈ ಮನುಷ್ಯ ಕೆಲಸ ಬಿಡುವುದಕ್ಕೆ ಯೋಜನೆ ಹಾಕುತ್ತಿದ್ದರು. ಅವರ ಜೊತೆಗೆ ಮಿಲ್ಲಿಗೆ ಸೇರಿದವರಲ್ಲಿ ಇಬ್ಬರು ಹೀಗೇ ಕೆಮ್ಮಿ ಕೆಮ್ಮಿ ತೀರಿಕೊಂಡಿದ್ದರು. ಮೂರನೆಯವನು ತಾನಾಗಬಾರದು ಎಂಬುದು ಅವರ ಹಟ. ಊರಿಗೆ ಹೋಗೋಣವೆಂದರೆ ಅವರಿಗೆ ಊರೇ ಇರಲಿಲ್ಲ. ಅವರ ತಂದೆಯೂ ಬೆಂಗಳೂರಿನಲ್ಲೇ ಹುಟ್ಟಿದವರು. ಇದ್ದೊಬ್ಬ ಮಗಳ ಮದುವೆ ಆಗಿತ್ತು. ರಾಜಾಜಿನಗರದಲ್ಲಿ ಶೀಟು ಹೊದಿಸಿದ ಎರಡು ಕೋಣೆಯ ಮನೆ ಕಟ್ಟಿ ಬಾಡಿಗೆಗೆ ಕೊಟ್ಟಿದ್ದರು. ಇನ್ನು ಆ ಬಾಡಿಗೆಯಲ್ಲೇ ಬದುಕಬೇಕು. ಅಕ್ಕಿ, ಸೌದೆ, ಸೀಮೆಎಣ್ಣೆ ಯಾವುದರ ಬೆಲೆಯೂ ನಿಂತಲ್ಲಿ ನಿಲ್ಲುತ್ತಿರಲಿಲ್ಲ.

“ಬೆಂಗಳೂರಲ್ಲಿ ಬಿಟ್ಟಿ ಸಿಗೋದು ಗಾಳಿ ಒಂದೇ ಟೀಚರಮ್ಮ. ಮಿಲ್ಲೊಳಗೆ ನನಗೆ ಅದೂ ಇಲ್ಲ” ಅನ್ನುತ್ತಿದ್ದರು.

ಅವರ ಉಪಾಯ ನೇರವಾದದ್ದು. ವರ್ಷಕ್ಕೊಂದು ತಿಂಗಳು ರಿಟೈರಾದವರಂತೆ ಬದುಕಿ ನೋಡುವುದು. ಮಿಲ್ಲಿಗೆ ಹೋಗುವರು, ಆದರೆ ಸಂಬಳವನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿ, ಬರೀ ಬಾಡಿಗೆಯಲ್ಲಿ ಸಂಸಾರ ತೂಗಿಸುವರು. ಹೋಟೆಲ್ ದೋಸೆ ಇಲ್ಲ, ಬಸ್ಸಿಲ್ಲ, ಎಲೆಯಡಿಕೆ ಅರ್ಧ. ಎರಡು ವರ್ಷ ಪಾಸಾಗಿದ್ದರು. ಮೂರನೆಯ ವರ್ಷವೂ ಪಾಸಾದ ದಿನ ನಮ್ಮ ಮನೆಗೆ ಬಂದು, ರಾಜೀನಾಮೆ ಕಾಗದವನ್ನು ಇಂಗ್ಲಿಷಿನಲ್ಲಿ ಬರೆದುಕೊಡು ಎಂದರು. ನಾನು ಕಾಗದ, ಇಂಕಿನ ಬಾಟಲಿ ತೆಗೆದುಕೊಂಡು ಅವರ ಮನೆಗೆ ಹೋದೆ.

ಅತ್ತೆ ಅಕ್ಕಿಯಲ್ಲಿ ಕಲ್ಲು ಆರಿಸುತ್ತಿದ್ದರು. ತಲೆಯೆತ್ತದೆ ಕೇಳಿದರು, “ಮೂರು ವರ್ಷದಿಂದ ಈ ಅಭ್ಯಾಸ ಯಾವ ತಿಂಗಳಲ್ಲಿ ಮಾಡ್ತಿದೀರಿ?”

“ಆಷಾಢದಲ್ಲಿ.”

“ಆಷಾಢದಲ್ಲಿ ಮದುವೆ ಇಲ್ಲ, ಮುಂಜಿ ಇಲ್ಲ, ನೆಂಟ್ರು ಬರಲ್ಲ. ಆಷಾಢದಲ್ಲಿ ಯಾರು ಬೇಕಾದ್ರೂ ರಿಟೈರಾಗ್ಬೋದು. ಶ್ರಾವಣದಲ್ಲಿ ಬದುಕಿ ತೋರಿಸಿ, ನೋಡೋಣ.”

ಮಾವ ಬೇಕೆಂದು ಮೋಸ ಮಾಡಿಕೊಂಡದ್ದಲ್ಲ. ಗಲಾಟೆಯಿಲ್ಲದ ತಿಂಗಳು ಎಂದು ಆರಿಸಿಕೊಂಡಿದ್ದರು, ಅಷ್ಟೆ. ಮಕ್ಕಳಿಗೆ ಲೆಕ್ಕ ಹೇಳಿಕೊಡುವ ನನಗೂ ಅದು ಹೊಳೆದಿರಲಿಲ್ಲ. ನಾನು ತೆಪ್ಪಗೆ ಬಾಟಲಿಯ ಮುಚ್ಚಳ ಹಾಕಿದೆ.

ಶ್ರಾವಣ ಬಂತು, ಸಂಬಳದ ಪೆಟ್ಟಿಗೆಗೆ ಮತ್ತೆ ಬೀಗ ಬಿತ್ತು. ಹಬ್ಬ, ಅರಿಶಿನ ಕುಂಕುಮ, ಮಗಳಿಗೊಂದು ಸೀರೆ. ಮೂರನೆಯ ಶನಿವಾರದ ಹೊತ್ತಿಗೆ ಬಾಡಿಗೆ ದುಡ್ಡು ತಳ ಕಂಡಿತ್ತು. ಕಡೇ ಶನಿವಾರಕ್ಕೆ ಕೆಂಗೇರಿಯಿಂದ ಅತ್ತೆಯ ಅಣ್ಣ ಸಂಸಾರ ಸಮೇತ ಒಬ್ಬಟ್ಟಿನ ಊಟಕ್ಕೆ ಬರುವುದು ವರ್ಷವರ್ಷದ ಪದ್ಧತಿ. ಹಿಂದಿನ ದಿನ ಗೋಡೆಯಾಚೆ ಮಾವನ ಧ್ವನಿ ಕೇಳಿಸಿತು.

“ಇದೊಂದ್ಸಲ ಸಂಬಳದಲ್ಲಿ ತೆಗ್ದುಬಿಡ್ತೀನಿ ಕಣೇ. ನಿಮ್ಮಣ್ಣನ ಮುಂದೆ ಮರ್ಯಾದೆ ಹೋಗತ್ತೆ.”

“ಪೆಟ್ಟಿಗೆ ಮುಟ್ಟಿದ್ರೆ ಸಾಯೋ ತನಕ ಮಿಲ್ಲಿಗೇ ಹೋಗ್ತಿರಿ. ನನಗೆ ಮರ್ಯಾದೆ ಬೇಡ, ನೀವು ಬೇಕು.”

ಅತ್ತೆ ಅಷ್ಟು ಜೋರಾಗಿ ಮಾತಾಡಿದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ. ಅಡುಗೆ ಮಾಡುತ್ತಿದ್ದ ನನ್ನ ಅಮ್ಮ ಸೌಟು ಹಿಡಿದುಕೊಂಡೇ ಅತ್ತುಬಿಟ್ಟಳು.

ಶನಿವಾರ ಬಡಿಸಲು ನನ್ನನ್ನೂ ಕರೆದರು. ಅನ್ನ, ಸಾರು, ಕೋಸಂಬರಿ, ಒಂದೊಂದು ಸೌಟು ಬೆಲ್ಲದ ಪಾಯಸ. ಮಾವ ಎಲೆಯ ಮುಂದೆ ತಲೆ ತಗ್ಗಿಸಿ ಕುಳಿತಿದ್ದರು.

“ಒಬ್ಬಟ್ಟಿಲ್ವೇನಮ್ಮ?” ಎಂದರು ಅಣ್ಣ.

“ಇಲ್ಲಣ್ಣ. ಇವರು ಕೆಲಸ ಬಿಡ್ತಾರೆ. ಇನ್ಮೇಲೆ ನಮ್ಮನೇಲಿ ಹಬ್ಬ ಅಂದ್ರೆ ಇಷ್ಟೇ.”

ಅಣ್ಣ ಒಂದು ತುತ್ತು ತಿಂದರು, ಇನ್ನೊಂದು ತಿಂದರು. ಆಮೇಲೆ ನಗುತ್ತಾ ಹೇಳಿದರು, “ಇದನ್ನ ಮೊದ್ಲೇ ಹೇಳ್ಬಾರ್ದೇನಮ್ಮ? ನೀವು ಮಾಡ್ತೀರಂತ ನಾವೂ ಕಷ್ಟಬಿದ್ದು ಮಾಡ್ತಿದ್ವಿ. ದೀಪಾವಳಿಗೆ ಬನ್ನಿ, ನಮ್ಮನೇಲೂ ಇಷ್ಟೇ.”

ಮಾವ ತಲೆಯೆತ್ತಿ, “ಟೀಚರಮ್ಮ, ಸ್ವಲ್ಪ ಸಾರು” ಎಂದರು. ನಾನು ಸೌಟು ತುಂಬ ಬಡಿಸಿದೆ.

ಮಾರನೆಯ ದಿನ ಕಾಗದ ಬರೆದೆ. ನನಗೆ ಗೊತ್ತಿದ್ದ ಇಂಗ್ಲಿಷನ್ನೆಲ್ಲ ಸುರಿದು, ಆರೋಗ್ಯ, ವಯಸ್ಸು, ಸಂಸಾರ ಎಂದು ಎರಡು ಪುಟ ತುಂಬಿಸಿದ್ದೆ. ಅರ್ಥ ಹೇಳಿಸಿಕೊಂಡ ಮಾವ, “ಇಷ್ಟೊಂದು ಯಾಕಮ್ಮ? ಸಾಕು ಅನ್ನೋದಕ್ಕೆ ಇಂಗ್ಲಿಷಲ್ಲಿ ಏನಂತಾರೋ ಅದನ್ನ ಬರಿ” ಎಂದರು. ಮೂರು ಸಾಲಿನಲ್ಲಿ ಮುಗಿಯಿತು.

ಆ ಮಳೆಗಾಲ ಮುಗಿಯುವಷ್ಟರಲ್ಲಿ ಅವರ ಕೆಮ್ಮು ತಗ್ಗಿತು, ಮುಖಕ್ಕೆ ವಯಸ್ಸಿಗೆ ತಕ್ಕ ಬಣ್ಣ ಬಂತು. ಮಧ್ಯಾಹ್ನ ಜಗಲಿಯಲ್ಲಿ ಕುಳಿತು ಅತ್ತೆಯ ಜೊತೆ ಚೌಕಾಬಾರ ಆಡುತ್ತಿದ್ದರು, ಸೋತರೆ ಜಗಳವಾಡುತ್ತಿದ್ದರು. ಮುಂದೆ ನನ್ನ ಮದುವೆ ಗೊತ್ತಾದಾಗ, ನಮ್ಮ ಕೈಲಿ ಆಗುವುದು ಇಷ್ಟೇ ಎಂದು ಗಂಡಿನ ಕಡೆಯವರಿಗೆ ನಾಚದೆ ಹೇಳಿದವಳು ನಾನೇ. ಆ ಧೈರ್ಯ ಬಂದದ್ದು ಪಕ್ಕದ ಮನೆಯಿಂದ.

ಮಾವ ತೀರಿಕೊಂಡಾಗ ಅವರಿಗೆ ಎಪ್ಪತ್ತಮೂರು. ಊಟ ಮಾಡಿ ಮಲಗಿದವರು ಏಳಲಿಲ್ಲ. ಮಾತಾಡಿಸಲು ಹೋದ ನನ್ನ ಕೈಯನ್ನು ಅತ್ತೆ ಹಿಡಿದುಕೊಂಡರು. ಹೇಳಿದರು:

“ಮಿಲ್ಲಿಗೆ ಇಪ್ಪತ್ತಾರು ವರ್ಷ ಕೊಟ್ಟಿದ್ರು. ನನಗೆ ಇಪ್ಪತ್ತೇಳು ಸಿಕ್ತು ಕಣಮ್ಮ.”