ನಾದಿನಿಯ ಗುರುವಾರದ ಪಾಠ

ಮಾನವಶಾಸ್ತ್ರದ ಮೇಷ್ಟ್ರು ಇಪ್ಪತ್ತೆರಡು ವರ್ಷ ಒಂದೇ ಕೋಣೆಯಲ್ಲಿ, ಒಂದೇ ಕರಿಹಲಗೆಯ ಮುಂದೆ ನಿಂತು ಪಾಠ ಮಾಡಿದವರು. ವಿದ್ಯಾರ್ಥಿಗಳು ಆಕಳಿಸಿದರೆ ಅದು ಮಧ್ಯಾಹ್ನದ ಊಟದ ತಪ್ಪೆಂದೇ ನಂಬಿದ್ದರು. ಹೆಂಡತಿಯ ತಂಗಿ ಗಂಡನನ್ನು ಕಳೆದುಕೊಂಡಾಗ, ಅವರಿವರ ಕೈಕಾಲು ಹಿಡಿದು ವಿಶ್ವವಿದ್ಯಾಲಯದ ನೆಲಮಾಳಿಗೆಯ ಮ್ಯೂಸಿಯಂನಲ್ಲಿ ಅವಳಿಗೆ ಕೆಲಸ ಕೊಡಿಸಿದವರೂ ಅವರೇ. ಧೂಳು ಒರೆಸುವುದು, ಹುಳ ಹಿಡಿಯದಂತೆ ನೋಡಿಕೊಳ್ಳುವುದು, ಬೀಗ ಹಾಕುವುದು. ಹತ್ತು ವರ್ಷ ಅವಳು ಅದನ್ನು ಸದ್ದಿಲ್ಲದೆ ಮಾಡಿದಳು. ಆ ಹತ್ತು ವರ್ಷವೂ ಭಾವನಿಗೆ ನಾದಿನಿಯೆಂದರೆ ಬಲು ಅಕ್ಕರೆ.

ವಿಭಾಗಕ್ಕೆ ಹೊಸ ಮುಖ್ಯಸ್ಥೆ ಬಂದು, ಗುರುವಾರದ ಪಾಠ ಮ್ಯೂಸಿಯಂನಲ್ಲೇ, ವಸ್ತುಗಳನ್ನು ವಿದ್ಯಾರ್ಥಿಗಳ ಕೈಗೆ ಕೊಟ್ಟೇ ಆಗಬೇಕು ಎಂದಾಗ ಎಡವಟ್ಟಾಯಿತು. ಮೊದಲ ಗುರುವಾರ ಮೇಷ್ಟ್ರು ಮರದ ತಲೆದಿಂಬೊಂದನ್ನು ಎದುರಿಗಿಟ್ಟುಕೊಂಡು ಅರ್ಧ ಗಂಟೆ ಸಿದ್ಧಾಂತ ಕೊರೆದರು. ಕೈಗವಸು ಹಂಚುತ್ತಿದ್ದ ನಾದಿನಿ ಒಬ್ಬ ಹುಡುಗಿಯನ್ನು ಮೆಲ್ಲಗೆ ಕೇಳಿದಳು: "ಒಂದೇ ಕಡೆ ಯಾಕಮ್ಮ ಸವೆದಿದೆ? ಇದರ ಮೇಲೆ ಮಲಗ್ತಿದ್ದವರು ಯಾವ ಮಗ್ಗುಲಿಗೆ ತಿರುಗ್ತಿದ್ರು?"

ಇಡೀ ತರಗತಿ ಮೇಜನ್ನು ಮುತ್ತಿಕೊಂಡಿತು. ಸಿದ್ಧಾಂತ ಗಾಳಿಗೆ ಹೋಯಿತು.

ಅಲ್ಲಿಂದಾಚೆಗೆ ಎಲ್ಲರ ಬಾಯಲ್ಲೂ "ಅಕ್ಕ, ಅಕ್ಕ". ಮೇಷ್ಟ್ರಿಗೆ ಊಟ ರುಚಿಸದಾಯಿತು.

"ಓದಿದ್ದು ನಾನು, ಹೊಗಳಿಕೆ ಅವಳಿಗೆ," ಎಂದು ಹೆಂಡತಿಯ ಮುಂದೆ ಗೊಣಗಿದರು.

"ಕೆಲಸ ಕೊಡಿಸಿದ್ದು ನೀವೇ ಅಲ್ವಾ? ಖುಷಿಪಡಿ."

"ಕೆಲಸ ಕೊಡಿಸಿದೆ ಕಣೇ, ನನ್ನ ಕುರ್ಚಿ ಕೊಡಿಸಲಿಲ್ಲ."

ಒಂದು ಗುರುವಾರ ಅವರು ಮುನಿಸಿಕೊಂಡು ಬೇಕೆಂದೇ ತಡವಾಗಿ ಬಂದರು. ಅಷ್ಟರಲ್ಲಿ ನಾದಿನಿಯೇ ಪಾಠ ಮಾಡಿ ಮುಗಿಸಿದ್ದಳು. ಮೇಜಿನ ಮೇಲೊಂದು ಹಳೆಯ ಬುಟ್ಟಿ. ಹದಿನೈದು ವರ್ಷದ ಹಿಂದೆ 'ಕಾಳು ಕೂಡಿಡುವ ಬುಟ್ಟಿ' ಎಂದು ಅವರೇ ಬರೆದು ಕಟ್ಟಿದ್ದ ಚೀಟಿ ಅದರಲ್ಲಿರಲಿಲ್ಲ. ಮೇಷ್ಟ್ರ ಎದೆ ಹಗುರವಾಯಿತು. ಕೊನೆಗೂ ಅವಳದೊಂದು ತಪ್ಪು ಸಿಕ್ಕಿತ್ತು! ನೇರ ಮುಖ್ಯಸ್ಥೆಯ ಕೋಣೆಗೆ ಹೋದರು.

ನಾದಿನಿಗೆ ಕರೆ ಹೋಯಿತು. "ತೆಗೆದಿದ್ದು ನಾನೇ ಮೇಡಂ, ತಪ್ಪಾಯ್ತು," ಎಂದಳು. ಯಾಕೆಂದು ಎಷ್ಟು ಕೇಳಿದರೂ ತುಟಿ ಬಿಚ್ಚಲಿಲ್ಲ. ಇನ್ನು ಪಾಠದ ಹೊತ್ತಿಗೆ ಅವಳು ಅತ್ತ ಸುಳಿಯಕೂಡದು ಎಂದು ಆಜ್ಞೆಯಾಯಿತು.

ಮುಂದಿನ ಗುರುವಾರ ಮೇಷ್ಟ್ರು ಗೆದ್ದ ಗತ್ತಿನಲ್ಲಿ ಅದೇ ಬುಟ್ಟಿಯನ್ನು ಎತ್ತಿಕೊಂಡು, "ಇದರಲ್ಲಿ ಕಾಳು ಕೂಡಿಡ್ತಿದ್ರು," ಎಂದರು.

ಯಾರೂ ಬರೆದುಕೊಳ್ಳಲಿಲ್ಲ. ಮುಂದಿನ ಸಾಲಿನ ಹುಡುಗಿ ಹಿಂಜರಿಯುತ್ತ ಎದ್ದಳು. "ಸಾರ್, ಇಷ್ಟಗಲ ಸಂದಿ ಇದೆ, ಕಾಳೆಲ್ಲ ಸೋರಿಹೋಗಲ್ವಾ? ಇದು ಮೀನು ಹಿಡಿಯೋದು ಸಾರ್. ಬಾಯಿ ನೋಡಿ, ಒಳಕ್ಕೆ ಬಾಗಿದೆ. ಒಳಗೆ ಹೋದ ಮೀನು ಆಚೆ ಬರಕ್ಕಾಗಲ್ಲ. ಹೆಣಿಗೆಯಲ್ಲಿ ಮೀನಿನ ಹುರುಪೆ ಕೂಡ ಸಿಕ್ತು. ಹಿಂದೆ ಯಾರೋ ಕಾಳಿನ ಬುಟ್ಟಿ ಅಂದ್ಕೊಂಡಿದ್ರಂತೆ. ಯಾರು ಅಂತ ಅಕ್ಕ ಹೇಳಲೇ ಇಲ್ಲ."

ಮೇಷ್ಟ್ರು ಪಾಠ ಅಲ್ಲಿಗೇ ನಿಲ್ಲಿಸಿ ಒಳಗಿನ ಉಗ್ರಾಣಕ್ಕೆ ಹೋದರು. ನಾದಿನಿ ಕುಂಚ ಹಿಡಿದು ಗಡಿಗೆಯೊಂದರ ಧೂಳು ತೆಗೆಯುತ್ತಿದ್ದಳು.

"ಚೀಟಿ ಯಾಕೆ ತೆಗೆದೆ?"

"ನಿಮ್ಮ ಅಕ್ಷರ ಮಕ್ಕಳಿಗೆಲ್ಲ ಗೊತ್ತು, ಭಾವ."

"ಮೇಡಂ ಹತ್ರ ಯಾಕೆ ಹೇಳಲಿಲ್ಲ?"

"ಹೇಳಿದ್ರೆ ಚೀಟಿ ತೋರಿಸು ಅಂತಿದ್ರು. ನಿಮ್ಮ ಅಕ್ಷರ ಅವರಿಗೂ ಗೊತ್ತಲ್ಲ," ಎಂದು ಕುಂಚ ಕೊಡವಿದಳು.

ಅವಳು ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಮಾತಿನಲ್ಲಷ್ಟೇ ಅಲ್ಲ, ಮರ್ಯಾದೆಯಲ್ಲೂ ಇವಳು ತನ್ನನ್ನು ಮೀರಿಸಿಬಿಟ್ಟಳಲ್ಲ ಎಂದು ಹೊಟ್ಟೆ ಮತ್ತಷ್ಟು ಉರಿಯಿತು. ಆ ಉರಿಯಲ್ಲೇ ಮೆಟ್ಟಿಲು ಹತ್ತಿ ಮುಖ್ಯಸ್ಥೆಯ ಎದುರು ನಿಂತು, "ತಪ್ಪು ಬರೆದಿದ್ದು ನಾನು. ಅವಳು ನನ್ನ ಮಾನ ಉಳಿಸೋಕೆ ಹೋಗಿ ಸಿಕ್ಕಿಬಿದ್ದಳು," ಎಂದರು.

ಗುರುವಾರದ ಪಾಠ ಮತ್ತೆ ನಾದಿನಿಯ ಕೈಗೆ ಬಂತು. ಈಗ ವೇಳಾಪಟ್ಟಿಯಲ್ಲಿ ಇಬ್ಬರ ಹೆಸರೂ ಇದೆ. ಹೊಟ್ಟೆಕಿಚ್ಚು ಆರಿತೇ ಎಂದರೆ, ಇಲ್ಲ. ಹುಡುಗರು "ಅಕ್ಕ" ಎಂದಾಗಲೆಲ್ಲ ಹಿಂದಿನ ಬೆಂಚಿನಲ್ಲಿ ಕೂತ ಮೇಷ್ಟ್ರ ಮೊಗ ಗಂಟಿಕ್ಕುತ್ತದೆ. ಮೊನ್ನೆ ಅವಳು ಮಣ್ಣಿನ ದೀಪವೊಂದರ ಮಸಿ ತೋರಿಸಿ, "ಇದು ಯಾಕೆ ಬುಡದಲ್ಲೂ ಇದೆ?" ಎಂದು ಕೇಳಿದಳು. ಮೇಷ್ಟ್ರಿಗೆ ಉತ್ತರ ಹೊಳೆಯಲಿಲ್ಲ. ಸುಮ್ಮನೆ ಕೂರಲೂ ಆಗಲಿಲ್ಲ. ಗೊಣಗುತ್ತಲೇ ಎದ್ದು ಮೇಜಿನ ಬಳಿ ಬಂದರು. ಹುಡುಗರು ಸರಿದು ಜಾಗ ಬಿಟ್ಟರು.