ಖಾಲಿ ಕೊಡಬಾರದ ಡಬ್ಬಿ

ಹೋದ ವಾರ ಅಡುಗೆಮನೆಯ ಅಟ್ಟ ಚೊಕ್ಕಟ ಮಾಡುವಾಗ ಹಳೆಯ ಸ್ಟೀಲ್ ಡಬ್ಬಿಯೊಂದು ಕೈಗೆ ಬಂತು. ಮುಚ್ಚಳ ಬಲು ಬಿಗಿ. ನೆಲಕ್ಕೆ ಕೂತು, ಮಂಡಿಗಳ ನಡುವೆ ಸಿಕ್ಕಿಸಿಕೊಂಡು ಎಳೆದ ಮೇಲೆ ಟಪ್ಪೆಂದು ಬಿಚ್ಚಿತು. ಒಳಗೆ ಏನೂ ಇರಲಿಲ್ಲ, ಆದರೆ ಮುಖಕ್ಕೆ ವಾಸನೆ ಬಡಿಯಿತು. ಬೆಲ್ಲದ್ದೇ ವಾಸನೆ, ನಮ್ಮ ಮಂಡ್ಯದ ಬೆಲ್ಲದ್ದಲ್ಲ. ತುಸು ಸೀದಂಥ, ಸಮುದ್ರದ ಉಪ್ಪು ಸೇರಿದಂಥ ಕಪ್ಪು ಬೆಲ್ಲದ್ದು. ಮುಚ್ಚಳದ ಮೇಲೆ ಚುಕ್ಕಿ ಚುಕ್ಕಿಯಾಗಿ ಕೊರೆದ ಹೆಸರು ಮುಕ್ಕಾಲು ಸವೆದುಹೋಗಿದೆ. ಅದು ನನ್ನ ಹೆಸರಲ್ಲ, ಡಬ್ಬಿಯೂ ನನ್ನದಲ್ಲ. ಎದುರುಮನೆ ವೈನಿಯದು...

ಎಂಬತ್ತರ ದಶಕದಲ್ಲಿ ನಾನು ಮದುವೆಯಾಗಿ ಮೈಸೂರಿನಿಂದ ವಿಶಾಖಪಟ್ಟಣಕ್ಕೆ ಬಂದಾಗ, ಬಂದರಿನ ನೌಕರರ ಕ್ವಾರ್ಟರ್ಸಿನಲ್ಲಿ ಕನ್ನಡದವರೆಂದು ಇದ್ದದ್ದು ನಾವು ಮತ್ತು ಎದುರುಮನೆಯವರು. ನನ್ನ ಗಂಡನೂ ಆಕೆಯ ಯಜಮಾನರೂ ಅದಿರನ್ನು ಹಡಗಿಗೆ ತುಂಬುವ ವಿಭಾಗದಲ್ಲಿ ಇಂಜಿನಿಯರುಗಳು. ಅವರು ಧಾರವಾಡದವರು. ನಾನು ಮೊದಲ ದಿನ 'ಆಂಟಿ' ಎಂದು ಕರೆದದ್ದಕ್ಕೆ ಆಕೆ, "ಆಂಟಿ ಗೀಂಟಿ ಬ್ಯಾಡವಾ, ವೈನಿ ಅನ್ನು," ಎಂದುಬಿಟ್ಟರು. ನಮ್ಮ ಕಡೆ ಅತ್ತಿಗೆಯನ್ನು ಯಾರೂ ವೈನಿ ಎನ್ನುವುದಿಲ್ಲ. ಆ ಮಾತು ನನ್ನ ನಾಲಿಗೆಗೆ ಬಂದದ್ದು ಅವರಿಂದಲೇ.

ವೈನಿಯ ಮನೆಯಲ್ಲಿ ಒಂದು ಕಾನೂನಿತ್ತು. ಪಕ್ಕದ ಮನೆಯಿಂದ ಏನಾದರೂ ತುಂಬಿಕೊಂಡು ಬಂದ ಪಾತ್ರೆ ಖಾಲಿಯಾಗಿ ಹಿಂದಕ್ಕೆ ಹೋಗಕೂಡದು. ಈ ಪದ್ಧತಿ ನಮ್ಮಲ್ಲೂ ಇದೆ, ಆದರೆ ನಾವು ಮನುಷ್ಯರು, ಮರೆಯುತ್ತೇವೆ. ವೈನಿ ಮರೆಯುತ್ತಿರಲಿಲ್ಲ. ಕೆಳಮನೆಯ ತೆಲುಗಿನವರು ಪುಳಿಹೋರ ಕೊಟ್ಟರೆ ಆ ತಟ್ಟೆಯಲ್ಲಿ ಸಂಜೆ ಕಡಲೆಹಿಟ್ಟಿನ ಝುಣಕದ ವಡಿ ಹೋಗುತ್ತಿತ್ತು. ಒಮ್ಮೆ ಮನೆಯಲ್ಲಿ ಏನೂ ಇಲ್ಲದೆ, ಒಂದೇ ಒಂದು ನಿಂಬೆಹಣ್ಣು ಇಟ್ಟು ತಟ್ಟೆ ಕೊಟ್ಟು ಕಾಲು ಗಂಟೆ ಕ್ಷಮೆ ಕೇಳಿದ್ದರು. ನಾನು ಹೊಸದಾಗಿ ಬಂದಾಗ ಅವರು ಕೊಟ್ಟ ಹೋಳಿಗೆಯನ್ನು ತಿಂದು, ಪಾತ್ರೆಯನ್ನು ಫಳಫಳ ತೊಳೆದು, ದೊಡ್ಡ ಗೃಹಿಣಿಯಂತೆ ಹಿಂದಿರುಗಿಸಿದೆ. ವೈನಿ ಅದರೊಳಗೆ ಬಹಳ ಹೊತ್ತು ಇಣುಕಿ ನೋಡಿದರು.

"ಏನಾಯ್ತು ವೈನಿ?" ಎಂದೆ.

"ಏನಿಲ್ಲವಾ. ತಳದಾಗ ಏನರ ಅಂಟಿಕೊಂಡದೇನೋ ಅಂತ ನೋಡ್ಲಿಕ್ಕತ್ತೀನಿ."

ಅಂದಿನಿಂದ ಇಂದಿನವರೆಗೆ ನಾನು ಯಾರಿಗೂ ಖಾಲಿ ಪಾತ್ರೆ ಕೊಟ್ಟಿಲ್ಲ.

ನಾನು ಬಂದ ಮರುವರ್ಷ ಇಬ್ಬರು ಗಂಡಸರನ್ನೂ ತರಬೇತಿಗೆಂದು ಮೂರು ತಿಂಗಳು ಜಪಾನಿಗೆ ಕಳಿಸಿದರು. ಕೊನೆಯ ಎರಡು ವಾರಕ್ಕೆ ನಾವಿಬ್ಬರೂ ಹೊರಟೆವು. ನಮ್ಮ ಬಂದರಿಗೆ ಅದಿರು ಒಯ್ಯಲು ಬರುತ್ತಿದ್ದ ಹಡಗೊಂದರ ಜಪಾನಿ ಇಂಜಿನಿಯರ್ ಒಬ್ಬರು ಗಂಡಸರಿಗೆ ಸ್ನೇಹಿತರಾಗಿದ್ದರು. ಅವರ ಅತ್ತೆ, ದೇಶದ ದಕ್ಷಿಣ ತುದಿಯಾಚೆ ಒಕಿನಾವಾ ಕಡೆಯ ಒಂದು ಪುಟ್ಟ ದ್ವೀಪದಲ್ಲಿ, ಕಡಲ ಪಕ್ಕ ನಾಲ್ಕು ಕೋಣೆಯ ವಸತಿಮನೆ ಇಟ್ಟುಕೊಂಡಿದ್ದರಂತೆ. ತರಬೇತಿ ಮುಗಿದ ಮೇಲೆ ಐದು ದಿನ ಅಲ್ಲಿ ಇದ್ದು ಬನ್ನಿ ಎಂದು ಆತನೇ ಏರ್ಪಾಟು ಮಾಡಿದ್ದರು.

ಜಪಾನೆಂದರೆ ಹಿಮ ಎಂದು ನಾವು ತಿಳಿದಿದ್ದೆವು. ಇಡೀ ಕ್ವಾರ್ಟರ್ಸು ಜಾಲಾಡಿ ಸ್ವೆಟರು, ಶಾಲು, ಕಾಲುಚೀಲ ಕಡ ತಂದೆವು. ವೈನಿಗೆ ಯಾರೋ ಮಂಕಿ ಕ್ಯಾಪ್ ಕೂಡ ಕೊಟ್ಟಿದ್ದರು. ಹಡಗಿನಿಂದ ಆ ದ್ವೀಪಕ್ಕೆ ಇಳಿದರೆ ಬಿಸಿಲು ಧಗಧಗ, ಮೈಯೆಲ್ಲ ಅಂಟಂಟು ಬೆವರು. ದಡದ ಉದ್ದಕ್ಕೂ ಕೇದಗೆಯ ಪೊದೆ, ಬೇಲಿ ತುಂಬ ಕೆಂಪು ದಾಸವಾಳ, ಅದರಾಚೆ ಬಾಳೆ, ಪರಂಗಿ, ಕಬ್ಬಿನ ಗದ್ದೆ. ವೈನಿ ಮಂಕಿ ಕ್ಯಾಪ್ ಕೈಯಲ್ಲಿ ಹಿಡಿದುಕೊಂಡು ಸುತ್ತ ನೋಡಿದರು.

"ಇಷ್ಟು ದೂರ ಬಂದು ವಿಶಾಖಪಟ್ಟಣಕ್ಕೇ ಬಂದ್ವಲ್ಲ! ಇದಕ್ಕ ನಮ್ಮೂರ ಯಾರಾಡ ಬೀಚಿಗೆ ಹೋಗಿದ್ರ ಸಾಕಾಗ್ತಿತ್ತು."

ಸಮುದ್ರದ ಬಣ್ಣ ಮಾತ್ರ ವಿಶಾಖಪಟ್ಟಣದ್ದಲ್ಲ. ಅಂಥ ತಿಳಿ ಹಸಿರು ನೀರನ್ನು ನಾನು ಮತ್ತೆಲ್ಲೂ ಕಂಡಿಲ್ಲ. ಮನೆಗಳಿಗೆ ಕೆಂಪು ಹೆಂಚು, ಹೆಂಚಿನ ಮೇಲೆ ಬಾಯಿ ಕಿಸಿದ ಮಣ್ಣಿನ ಸಿಂಹ. ದೃಷ್ಟಿ ತಾಗದಿರಲೆಂದು ಕೂರಿಸುವುದಂತೆ. ವೈನಿ ಪ್ರತಿ ಮನೆಯ ಸಿಂಹಕ್ಕೂ ಕೈಮುಗಿಯುತ್ತ ನಡೆದದ್ದರಿಂದ ಹತ್ತು ನಿಮಿಷದ ದಾರಿಗೆ ಮುಕ್ಕಾಲು ಗಂಟೆ ಹಿಡಿಯಿತು.

ವಸತಿಮನೆಯ ಅಜ್ಜಿ ಗಿಡ್ಡನೆಯ, ಚುರುಕು ಹೆಂಗಸು. ನಾವು ಮಾಂಸ, ಮೀನು, ಮೊಟ್ಟೆ ತಿನ್ನುವುದಿಲ್ಲವೆಂದು ಅಳಿಯ ಮೊದಲೇ ಪತ್ರ ಬರೆದಿದ್ದರು. ಅಜ್ಜಿ ಅದನ್ನು ಶ್ರದ್ಧೆಯಿಂದ ಪಾಲಿಸಿ ಹಾಗಲಕಾಯಿ ಪಲ್ಯ ಮಾಡಿದ್ದರು. ಹಾಗಲಕಾಯಿ ಕಂಡು ನಮಗೆ ತವರಿಗೆ ಬಂದಷ್ಟು ಸಂತೋಷವಾಯಿತು. ಆದರೆ ರುಚಿಗೆಂದು ಅದರ ಮೇಲೆ ಒಣಮೀನಿನ ತೆಳು ಹೆರಕಲು ಉದುರಿಸಿದ್ದರು. ಅಷ್ಟನ್ನು ಅವರು ಮೀನೆಂದು ಲೆಕ್ಕಕ್ಕೆ ಹಿಡಿದಿರಲಿಲ್ಲ. ಪಲ್ಯದ ಹಬೆಗೆ ಆ ಹೆರಕಲು ಅತ್ತಿತ್ತ ಬಳುಕತೊಡಗಿತು.

"ಅಯ್ಯೋ, ಇದಿನ್ನೂ ಜೀವಂತ ಅದ!" ಎಂದು ವೈನಿ ಎದ್ದು ಗೋಡೆಗೆ ಆತು ನಿಂತರು.

ಅಜ್ಜಿಗೆ ಮಾತು ತಿಳಿಯದಿದ್ದರೂ ಮುಖ ತಿಳಿಯಿತು. ಕೈ ಬಾಯಿಗೆ ಅಡ್ಡ ಹಿಡಿದು ನಗುತ್ತ, ಪಲ್ಯವನ್ನು ಒಯ್ದು, ಹೊಸದಾಗಿ ಮಾಡಿ ತಂದರು. ಇಷ್ಟು ತೊಂದರೆ ಕೊಟ್ಟೆವಲ್ಲ ಎಂದು ವೈನಿಗೆ ಸಂಕಟ. ಆ ಸಂಜೆಯೇ ಚೀಲದಿಂದ ಈ ಡಬ್ಬಿ ತೆಗೆದು, ತುಂಬ ಶೇಂಗಾ ಉಂಡಿ ಹಾಕಿ, ಅಜ್ಜಿಗೆ ಕೊಟ್ಟುಬಂದರು.

ಡಬ್ಬಿ ಸಾಮಾನ್ಯದ್ದಲ್ಲ. ಸ್ಟೀಲು ಅಪರೂಪವಾಗಿದ್ದ ಕಾಲದಲ್ಲಿ ವೈನಿಯ ಮದುವೆಗೆ ಅವರ ತಾಯಿ ಕೊಟ್ಟದ್ದು. ಮುಚ್ಚಳದ ಮೇಲಿದ್ದದ್ದು ಆ ತಾಯಿಯ ಹೆಸರು. ತಾಯಿ ಹೋದ ಮೇಲೆ ತವರಿನಿಂದ ವೈನಿಗೆ ಉಳಿದದ್ದು ಅದೊಂದೇ. ಅದನ್ನು ನಮ್ಮ ಮನೆಗೂ ಕೊಡುತ್ತಿರಲಿಲ್ಲ. "ಉಂಡಿ ಮೆತ್ತಗಾಗಬಾರ್ದಂತ ಇದನ್ನ ತಂದೆ. ನಾಳೆ ಮುಂಜಾನೆ ತಿರುಗಿ ಬರ್ತದ ಬಿಡು," ಎಂದರು.

ಬಂತು. ತುಂಬಿಕೊಂಡು ಬಂತು! ಆ ದ್ವೀಪದ ಕಬ್ಬಿನಲ್ಲಿ ಮಾಡಿದ ಕಪ್ಪು ಬೆಲ್ಲದ ತುಂಡುಗಳು. ಖಾಲಿ ಕೊಡಬಾರದೆಂಬ ಕಾನೂನು ಸಮುದ್ರದಾಚೆಗೂ ಇತ್ತು. ಬೆಲ್ಲವನ್ನು ಚೀಲಕ್ಕೆ ಹಾಕಿಕೊಂಡು, ಡಬ್ಬಿ ತೊಳೆದು ಒಳಗಿಟ್ಟಿದ್ದರೆ ಕಥೆ ಮುಗಿಯುತ್ತಿತ್ತು. ಆದರೆ ಬೆಲ್ಲ ಕೊಟ್ಟವರಿಗೆ ಏನೂ ಕೊಡದೆ ಕೂರುವುದು ಹೇಗೆ? ಅದೇ ಡಬ್ಬಿಯಲ್ಲಿ ಹಚ್ಚಿದ ಅವಲಕ್ಕಿ ಹೋಯಿತು. ಮರುದಿನ ಅದರಲ್ಲಿ ಬೇಯಿಸಿದ ನೇರಳೆ ಬಣ್ಣದ ಗೆಣಸು ಬಂತು. ಚಟ್ನಿಪುಡಿ ಹೋಯಿತು, ಉಪ್ಪಿನಲ್ಲಿ ಹಾಕಿದ ಪರಂಗಿಕಾಯಿ ಬಂತು. ನಾಲ್ಕನೆಯ ದಿನ ಧಾರವಾಡದ ದಾಸ್ತಾನು ಮುಗಿದು, ಯುದ್ಧಕ್ಕೆ ಮೈಸೂರಿನ ಪಾಲೂ ಬೇಕಾಯಿತು. ನನ್ನ ಅಮ್ಮ ಕಳಿಸಿದ್ದ ಪುಳಿಯೋಗರೆ ಗೊಜ್ಜನ್ನು ನನ್ನ ಕಣ್ಣೆದುರೇ ಡಬ್ಬಿಗೆ ಸುರಿದರು. ಸಂಜೆ ಅಜ್ಜಿ ಅದನ್ನು ಸೋಯಾ ಪನೀರಿನ ಮೇಲೆ ಹಚ್ಚಿಕೊಂಡು ತಿನ್ನುತ್ತಿದ್ದರು. ನನ್ನ ಹೊಟ್ಟೆ ಉರಿದುಹೋಯಿತು.

"ನಿಮ್ಮ ಅವ್ವನ ಡಬ್ಬಿ ತಗೊಂಡು ಸುಮ್ಮನ ಕೂಡಬಾರದೇನ?" ಎಂದರು ವೈನಿಯ ಯಜಮಾನರು.

"ಕೊನೀ ಸರ್ತಿ. ನಾಳೆ ಹೊರಡೋ ಮುಂದ ಬರ್ತದ. ತಗೊಂಡು ಹೋಗೋದ," ಎಂದರು ವೈನಿ. ಆದರೆ ರಾತ್ರಿಯೆಲ್ಲ ಅವರಿಗೆ ನಿದ್ದೆ ಬರಲಿಲ್ಲವೆಂದು ಬೆಳಿಗ್ಗೆ ಕಣ್ಣು ನೋಡಿದರೇ ತಿಳಿಯುತ್ತಿತ್ತು.

ಬೆಳಿಗ್ಗೆ ಅಜ್ಜಿ ಮನೆಯಲ್ಲೇ ಇರಲಿಲ್ಲ. ಡಬ್ಬಿಯೂ ಇರಲಿಲ್ಲ. ವೈನಿ ಅಡುಗೆಮನೆ, ಹಿತ್ತಿಲು ಎಲ್ಲ ಹುಡುಕಿದರು. ಹಡಗಿಗೆ ಹೊತ್ತಾಯಿತೆಂದು ಗಂಡಸರು ಅವಸರ ಮಾಡಿ ಎಳೆದುಕೊಂಡು ಹೊರಟರು. ದಾರಿಯಲ್ಲಿ ಆಕೆ ಒಂದು ಸಿಂಹಕ್ಕೂ ಕೈಮುಗಿಯಲಿಲ್ಲ. ನಾವು ಹಡಗುಕಟ್ಟೆಯಲ್ಲಿ ನಿಂತಿದ್ದಾಗ, ಅಜ್ಜಿ ಡಬ್ಬಿಯನ್ನು ಬಟ್ಟೆಯಲ್ಲಿ ಕಟ್ಟಿ ಎದೆಗೆ ಅವಚಿಕೊಂಡು ಓಡಿಬರುವುದು ಕಂಡಿತು. ಪಕ್ಕದ ಹಳ್ಳಿಯ ಆಲೆಮನೆಯಿಂದ ಹೊಸ ಬೆಲ್ಲ ತರಲು ಹೋಗಿದ್ದರೆಂದು ಆಮೇಲೆ ತಿಳಿಯಿತು. ಬೆಲ್ಲ ಇನ್ನೂ ಬೆಚ್ಚಗಿತ್ತು.

ವೈನಿ ಡಬ್ಬಿ ತೆಗೆದುಕೊಂಡು ಮುಚ್ಚಳ ಸವರಿದರು. ಅಲ್ಲಿಗೆ ಮುಗಿಯಿತೆಂದು ನಾವೆಲ್ಲ ಉಸಿರು ಬಿಟ್ಟೆವು. ಅಷ್ಟರಲ್ಲಿ ಆಕೆ ಸೆರಗು ಒಡ್ಡಿ ಬೆಲ್ಲವನ್ನೆಲ್ಲ ಉಡಿಗೆ ಸುರಿದುಕೊಂಡುಬಿಟ್ಟರು. ಕೈಚೀಲದಲ್ಲಿದ್ದ ಅರಿಷಿಣ ಕುಂಕುಮದ ಪೊಟ್ಟಣ, ಒಂದು ಕೊಬ್ಬರಿ ಬಟ್ಟಲು, ರವಿಕೆಗೆಂದು ಒಂದು ಗುಳೇದಗುಡ್ಡದ ಕಣ, ಇಷ್ಟನ್ನೂ ಡಬ್ಬಿಯಲ್ಲಿಟ್ಟು ಮುಚ್ಚಳ ಒತ್ತಿ ಅಜ್ಜಿಯ ಕೈಗೆ ಕೊಟ್ಟರು. ಅಜ್ಜಿ ಸೊಂಟ ಬಾಗಿಸಿ ನಮಸ್ಕರಿಸಿದರು. ವೈನಿಯೂ ಬಾಗಿದರು, ಉಡಿಯಿಂದ ಎರಡು ತುಂಡು ಬೆಲ್ಲ ಉರುಳಿತು, ಅದನ್ನು ಹೆಕ್ಕಲು ಇಬ್ಬರೂ ಮತ್ತೆ ಬಾಗಿದರು. ಹಡಗಿನವರು ಕೂಗಿಕೊಳ್ಳುತ್ತಿದ್ದರು.

ಹಡಗು ದಡ ಬಿಟ್ಟ ಮೇಲೆ ಆಕೆ ಪೆಟ್ಟಿಗೆಯ ಮೇಲೆ ಕೂತು ಅಳತೊಡಗಿದರು. "ಅವ್ವನ ಡಬ್ಬಿ ಹೋತಲ್ಲೇ!" ಹಾಗಿದ್ದರೆ ಕೊಟ್ಟದ್ದೇಕೆ ಎಂದು ನಾನು ಕೇಳಿದೆ. ಮೂಗು ಒರೆಸಿಕೊಂಡು, "ಅಕಿ ನನ್ನ ಉಡೀ ತುಂಬಿ ಕಳಿಸ್ಯಾಳ. ಅಕೀನ್ನ ಬರಿಗೈಲೆ ಕಳಿಸಿದ್ರ ಅವ್ವ ಸುಮ್ಮನ ಬಿಡತಿದ್ಲೇನು?" ಎಂದರು. ಆ ಉಡಿಯನ್ನು ಅವರು ಎರಡು ದಿನ ಬಿಚ್ಚಲಿಲ್ಲ. ವಿಮಾನ ನಿಲ್ದಾಣದಲ್ಲಿ ತಪಾಸಣೆಯ ಹುಡುಗಿ ಸೆರಗಿನ ಗಂಟು ತೋರಿಸಿ ಏನೆಂದು ಕೇಳಿದಾಗ ಒಂದು ತುಂಡು ಮುರಿದು ಆಕೆಗೂ ಕೊಟ್ಟರು.

ಆರು ತಿಂಗಳ ಮೇಲೆ ನಮ್ಮ ಬಂದರಿನ ಗೇಟಿನಿಂದ ವೈನಿಗೆ ಕರೆ ಬಂತು. ಹಡಗಿನ ಇಂಜಿನಿಯರ್ ಅಳಿಯ ಡಬ್ಬಿ ತಂದಿದ್ದರು. ಕಸ್ಟಮ್ಸಿನವರು ಅದನ್ನು ಮೇಜಿನ ಮೇಲಿಟ್ಟುಕೊಂಡು, ಒಳಗಿನ ಕಪ್ಪು ಗಟ್ಟಿಗಳನ್ನು ಅನುಮಾನದಿಂದ ನೋಡುತ್ತಿದ್ದರು. "ಏಂಟಮ್ಮಾ ಇದಿ?" ಏನಿದು ಎಂದು ಅಧಿಕಾರಿ ತೆಲುಗಿನಲ್ಲಿ ಕೇಳಿದರು. ವೈನಿ ಡಬ್ಬಿಯನ್ನು ಎಳೆದು, ತಾಯಿಯ ಹೆಸರಿನ ಮೇಲೆ ಕೈಯಾಡಿಸಿ, ಒಂದು ತುಂಡು ತಾವು ಬಾಯಿಗೆ ಹಾಕಿಕೊಂಡು, ಇನ್ನೊಂದನ್ನು ಅಧಿಕಾರಿಯ ಕೈಗೆ ಕೊಟ್ಟು, "ತಿನಂಡಿ," ಎಂದರು. ಆತ ಚೀಪಿ, ಕಣ್ಣರಳಿಸಿ, "ಬೆಲ್ಲಮೇ!" ಎಂದು ಪಕ್ಕದ ಮೇಜಿನವರಿಗೂ ಹಂಚಿದರು. ಮನೆಗೆ ಬಂದದ್ದು ಮುಕ್ಕಾಲು ಡಬ್ಬಿ. ವೈನಿ ನಗುತ್ತಲೂ ಅಳುತ್ತಲೂ ಅದನ್ನು ದೇವರ ಮುಂದಿಟ್ಟರು. ಹಡಗು ಹೊರಡಲು ಎರಡೇ ದಿನವಿತ್ತು. ಇನ್ನು ಡಬ್ಬಿಯನ್ನು ಬಿಡುವುದಿಲ್ಲವೆಂದು ದೇವರ ಮೇಲೆ ಆಣೆ ಮಾಡಿದವರು, ಮರುದಿನ ಬೆಳಿಗ್ಗೆ ಶೇಂಗಾ ಹುರಿಯುತ್ತಿದ್ದರು.

ಹಾಗೆ ಏಳೆಂಟು ವರ್ಷ ನಡೆಯಿತು. ಜಪಾನಿಗೆ ನಮ್ಮ ಗಂಡಂದಿರು ಹೋದದ್ದು ಒಂದು ಸಲ, ಆ ಡಬ್ಬಿ ಹೋದದ್ದು ಎಷ್ಟು ಸಲವೋ... ಅದು ಆಚೆ ಇದ್ದಾಗ ವೈನಿ ಅದಿರಿನ ಹಡಗುಗಳ ಸುದ್ದಿ ಕೇಳುತ್ತ ಚಡಪಡಿಸುತ್ತಿದ್ದರು. ಈಚೆ ಬಂದರೆ ಎರಡು ದಿನ ತಾಯಿಯ ಹೆಸರು ಒರೆಸಿ ಒರೆಸಿ ಇಡುತ್ತಿದ್ದರು. ಮೂರನೆಯ ದಿನ ತುಂಬುತ್ತಿದ್ದರು.

ತೊಂಬತ್ತರ ದಶಕದ ನಡುವೆ ಯಜಮಾನರು ನಿವೃತ್ತರಾದ ಮೇಲೆ ಅವರು ವಿಜಯವಾಡದ ಪಟಮಟಕ್ಕೆ, ಮಗಳ ಮನೆಯ ಹತ್ತಿರಕ್ಕೆ ಹೋದರು. ಆಗ ಡಬ್ಬಿ ಸಮುದ್ರದಾಚೆ ಇತ್ತು. ಸ್ಟೇಷನ್ನಿನಲ್ಲಿ ವೈನಿ ನನ್ನ ಕೈ ಹಿಡಿದು, "ಡಬ್ಬಿ ಬಂದ ಕೂಡಲೆ ತಗೊಂಡು ಬಾ. ಅವ್ವನ್ನ ಒಮ್ಮೆ ನೋಡಬೇಕು," ಎಂದರು. ಎರಡು ವರ್ಷದ ಮೇಲೆ ಅದು ಬಂತು. ಆಗ ಮಗನಿಗೆ ಪರೀಕ್ಷೆ, ಮನೆಗೆ ಸುಣ್ಣ ಬಣ್ಣ, ಬಂದುಹೋಗುವ ನೆಂಟರು. ನಾಲ್ಕು ವಾರ ತಡ ಮಾಡಿದೆ. ಒಂದು ರಾತ್ರಿಯ ರೈಲಿನ ದೂರ ಅಷ್ಟೆ. ನಾಲ್ಕು ವಾರ! ನಾನು ಟಿಕೆಟ್ ತೆಗೆದ ಮೇಲೆ ವೈನಿಯ ಮಗಳು ಫೋನ್ ಮಾಡಿದಳು.

ಅದೇ ಟಿಕೆಟಿನಲ್ಲಿ ಹೋದೆ. ಹನ್ನೊಂದನೆಯ ದಿನವೂ ಆಗಿರಲಿಲ್ಲ. ಮಗಳು ಹುಟ್ಟಿ ಬೆಳೆದದ್ದೆಲ್ಲ ತೆಲುಗಿನಲ್ಲೇ. ಕನ್ನಡ ತಾಯಿಯ ಜೊತೆ ಮಾತ್ರ. ಡಬ್ಬಿಯ ಬೆಲ್ಲವನ್ನು ಒಂದು ತಟ್ಟೆಗೆ ಸುರಿದು ವೈನಿಯ ಫೋಟೋದ ಮುಂದಿಟ್ಟಳು. ಡಬ್ಬಿಯನ್ನು ತೊಳೆದು, ಒರೆಸಿ, ನನ್ನ ಕೈಗೆ ಕೊಟ್ಟಳು.

"ನಿಮಗೇ ಕೊಡು ಅಂದಾಳ ಅಮ್ಮ, ಆಂಟೀ. ಹಡಗು ನಿಮ್ಮೂರಿಗೇ ಬರ್ತದ ಅಲ್ಲಾ, ಆ ಅಜ್ಜಿಗೆ ತಿರುಗಿ ಕಳಿಸಬೇಕಂತ."

ಮುಚ್ಚಳ ತೆಗೆದು ನೋಡಿದೆ. ಖಾಲಿ. ಸೂತಕದ ಮನೆಯಿಂದ ಏನನ್ನೂ ತುಂಬಿ ಕೊಡುವಂತಿರಲಿಲ್ಲ, ನಾನು ತೆಗೆದುಕೊಳ್ಳುವಂತೆಯೂ ಇರಲಿಲ್ಲ. ಅಷ್ಟು ವರ್ಷಗಳಲ್ಲಿ ವೈನಿಯ ಮನೆಯಿಂದ ಒಂದು ಪಾತ್ರೆ ನನ್ನ ಕೈಗೆ ಖಾಲಿ ಬಂದದ್ದು ಅದೊಂದೇ ಸಲ. ಫೋಟೋ ನೋಡಿದಾಗಲೂ ಬಾರದ ಅಳು ಆಗ ಬಂತು. ಹೋಗಿ ಬರುತ್ತೇನೆಂದು ಹೇಳದೆ, ಅಂಥ ಮನೆಯಿಂದ ಹೊರಡುವ ರೀತಿಯಲ್ಲಿ, ಹೊರಟು ಬಂದೆ.

ಶೇಂಗಾ ಉಂಡಿ ಮಾಡಿಟ್ಟುಕೊಂಡು ಹಡಗಿಗೆ ಕಾದೆ. ಅಳಿಯ ಬೇರೆ ದಾರಿಯ ಹಡಗಿಗೆ ಹೋಗಿದ್ದರು. ಬರೆದ ಕಾಗದಕ್ಕೆ ಉತ್ತರ ಬರಲಿಲ್ಲ. ಆ ಅಜ್ಜಿ ಕೂಡ... ಗೊತ್ತಿಲ್ಲ. ಉಂಡಿಯನ್ನು ನಾವೇ ತಿಂದು ಮುಗಿಸಿದೆವು. ಡಬ್ಬಿ ಅಟ್ಟ ಸೇರಿತು.

ಈಗಲೂ ನಮ್ಮ ತಾರಸಿಯಿಂದ ನೋಡಿದರೆ, ಬಂದರಿನ ಒಳಗೆ ಬರಲು ಸರದಿ ಕಾಯುತ್ತ ಹಡಗುಗಳು ಸಮುದ್ರದಲ್ಲಿ ನಿಂತಿರುತ್ತವೆ. ಹೋದ ವಾರ ಡಬ್ಬಿಯನ್ನು ಮತ್ತೆ ಅಟ್ಟಕ್ಕೆ ಹಾಕಲು ಮನಸ್ಸಾಗಲಿಲ್ಲ. ಹುಣಸೆಹಣ್ಣು ಹಚ್ಚಿ ತಿಕ್ಕಿದೆ, ವೈನಿಯ ತಾಯಿಯ ಹೆಸರಿನ ಎರಡು ಅಕ್ಷರ ಸ್ವಲ್ಪ ಕಂಡವು. ದೇವರ ಗೂಡಿನ ಪಕ್ಕ ಇಟ್ಟು ದೀಪ ಹಚ್ಚಿ ಎದ್ದೆ. ಬಾಗಿಲವರೆಗೆ ಹೋದವಳು ಹಿಂದಿರುಗಿ ಅಡುಗೆಮನೆಗೆ ನಡೆದೆ. ಇಲ್ಲಿನ ಅನಕಾಪಲ್ಲಿ ಬೆಲ್ಲದ ಅಚ್ಚಿನಿಂದ ಒಂದು ತುಂಡು ಮುರಿದು, ಡಬ್ಬಿಯೊಳಗಿಟ್ಟು, ಮುಚ್ಚಳ ಒತ್ತಿದೆ.