ಉಸಿರು ಬಿಟ್ಟಾಗ ಒಂದು ಚಮಚ ಗಂಜಿ

ದಾದರ್ ಕಡೆಯಿಂದ ಬೆಳಗಿನ ಲೋಕಲ್ ರೈಲುಗಳ ಸದ್ದು ಈಗಷ್ಟೇ ಏರತೊಡಗಿದೆ. ಆಸ್ಪತ್ರೆಯ ಎರಡನೆಯ ಮಹಡಿಯ ವಾರ್ಡಿನಲ್ಲಿ ಆಯಾ ವಾರಿಜಾ ಒಂದು ಚಮಚ ಗಂಜಿಯನ್ನು ಎತ್ತಿ ಹಿಡಿದು ಕಾಯುತ್ತಿದ್ದಾರೆ. ಮುಂದೆ ಕಬ್ಬಿಣದ ಬೀರುವನ್ನು ಅಡ್ಡ ಮಲಗಿಸಿದಂಥ ಒಂದು ಪೆಟ್ಟಿಗೆ. ಅದರ ತುದಿಯಿಂದ ಒಬ್ಬ ಮನುಷ್ಯನ ತಲೆ ಮಾತ್ರ ಹೊರಗಿದೆ. ಪೆಟ್ಟಿಗೆ 'ಹುಸ್' ಎಂದು ಗಾಳಿ ಎಳೆಯುತ್ತದೆ, ವಾರಿಜಾ ಕದಲುವುದಿಲ್ಲ. ಎಳೆದದ್ದನ್ನು ಬಿಡುತ್ತದೆ; ಚಮಚ ಬಾಯಿಗೆ ಹೋಗುತ್ತದೆ.

"ಎಳೆಯುವಾಗ ಕೊಟ್ಟರೆ ಗಂಜಿ ಶ್ವಾಸಕ್ಕೆ ಹೋಗ್ತದೆ. ಬಿಡುವಾಗ ಕೊಟ್ಟರೆ ಹೊಟ್ಟೆಗೆ. ಇಷ್ಟೇ ನನ್ನ ಕೆಲಸ, ದೊಡ್ಡದು ಎಂಥದ್ದೂ ಇಲ್ಲ" ಎನ್ನುತ್ತಾರೆ ಅವರು.

ಪೆಟ್ಟಿಗೆಯೊಳಗೆ ಮಲಗಿರುವವರು ಮಲಾಡಿನ ಸತ್ಯಮೂರ್ತಿ, ಫೋರ್ಟಿನ ಬ್ಯಾಂಕೊಂದರ ಗುಮಾಸ್ತರು. ಮಳೆಗಾಲದಲ್ಲಿ ಸಣ್ಣದೊಂದು ಜ್ವರ ಬಂದು ಹೋಯಿತು. ಆಮೇಲೆ ಪಾದ ಜುಮುಗುಟ್ಟತೊಡಗಿತು. ಒಂದು ದಿನ ಸ್ಟೇಷನ್ನಿನ ಮೆಟ್ಟಿಲು ಹತ್ತಲಾಗಲಿಲ್ಲ. ವಾರ ಕಳೆಯುವಷ್ಟರಲ್ಲಿ ಬಲಹೀನತೆ ಕಾಲಿನಿಂದ ಎದೆಗೇರಿ, ಉಸಿರೆಳೆಯುವ ಶಕ್ತಿಯೇ ಹೋಯಿತು. ನರಗಳು ಮತ್ತೆ ಚೇತರಿಸಿಕೊಳ್ಳುತ್ತವೆ, ಅಲ್ಲಿಯವರೆಗೆ ಉಸಿರಾಡಿಸಬೇಕು ಎಂದರು ಡಾಕ್ಟರು. ಆ ಕೆಲಸವನ್ನು ಈ ಹಳೆಯ ಪೆಟ್ಟಿಗೆ ಮಾಡುತ್ತಿದೆ. ಒಳಗಿನ ಗಾಳಿಯನ್ನು ಅದು ಹೊರಗೆಳೆದಾಗ ಎದೆ ತಾನಾಗಿ ಹಿಗ್ಗುತ್ತದೆ, ಮೂಗಿನಿಂದ ಉಸಿರು ಒಳಗೆ ಹೋಗುತ್ತದೆ. ಗಂಟಲಿಗೆ ನಳಿಕೆ ಬೇಡ. ಹಾಗಾಗಿ ಮಾತಾಡಬಹುದು, ಉಣ್ಣಬಹುದು, ಆದರೆ ಎಲ್ಲವೂ ಪೆಟ್ಟಿಗೆ ಉಸಿರು ಬಿಡುವ ಹೊತ್ತಿಗೆ.

"ಪಂಕಜಾ..." ಎನ್ನುತ್ತಾರೆ ಮೂರ್ತಿ. ಹುಸ್. "ಗಂಜಿಗೆ ಉಪ್ಪು..." ಹುಸ್. "...ಹಾಕಿಲ್ಲ ಕಣೆ."

"ಎಲ್ಲಾ ಹಾಕಿದೀನಿ, ನಿಮ್ಮ ನಾಲಗೆಗೆ ತಿಳೀತಿಲ್ಲ ಅಷ್ಟೆ" ಎನ್ನುತ್ತಾರೆ ಹೆಂಡತಿ. ಮಲಾಡಿನಿಂದ ಮೊದಲ ಗಾಡಿಗೆ ಗಂಜಿ ತಂದು, ಇವತ್ತು ಸ್ಟೂಲಿನ ಮೇಲೂ ಕೂರದೆ ನಿಂತೇ ಇದ್ದಾರೆ. ಡಾಕ್ಟರು ಇವತ್ತು ಮೂರ್ತಿಯವರನ್ನು ಪೆಟ್ಟಿಗೆಯಿಂದ ಹೊರತೆಗೆದು, ತಾವಾಗಿ ಉಸಿರಾಡುತ್ತಾರೆಯೇ ಎಂದು ನೋಡುತ್ತಾರೆ. ಮೊನ್ನೆಯೂ ತೆಗೆದಿದ್ದರು. ಎರಡು ಉಸಿರು ತೆಗೆದುಕೊಂಡು ಮೂರ್ತಿ ಕಣ್ಣಲ್ಲೇ 'ಒಳಗೆ ಹಾಕಿ' ಎಂದು ಬೇಡಿದ್ದರು.

ವಾರಿಜಾ ಕಾಪು ಕಡೆಯವರು. ಗಂಡ ಕಾಂತಪ್ಪ ಲಾಲ್‌ಬಾಗ್‌ನ ಗಿರಣಿಯಲ್ಲಿದ್ದರು. ಮುಷ್ಕರದ ವರ್ಷ ಮುಚ್ಚಿದ ಬಾಗಿಲು ಮತ್ತೆ ತೆರೆಯಲಿಲ್ಲ. ಈಗ ಫೋರ್ಟಿನ ಉಡುಪಿ ಹೋಟೆಲಿನಲ್ಲಿ ಚಟ್ನಿಗೆ ರುಬ್ಬುತ್ತಾರೆ. ಚಾಳಿನ ಒಂದೇ ಖೋಲಿಯಲ್ಲಿ ಅತ್ತೆ, ಇಬ್ಬರು ಹೆಣ್ಣುಮಕ್ಕಳು. ವಾರಿಜಾ ಬದಲಿ ಆಯಾ ಆಗಿ ಬಂದು ಮೊದಲು ಬೆಡ್‌ಪ್ಯಾನ್ ತೊಳೆದರು. ಉಣಿಸುವುದನ್ನು ಕಲಿಸಿದವರು ಫಿಲೋಮಿನಾ ಸಿಸ್ಟರ್. ಒಂದು ಅಂಗೈಯನ್ನು ಪೆಟ್ಟಿಗೆಯ ಮೇಲಿಟ್ಟುಕೋ, ಕಣ್ಣು ರೋಗಿಯ ಗಂಟಲಿನ ಮೇಲಿರಲಿ ಎಂದಿದ್ದರಂತೆ. ಮಗುವಿಗೆ ಉಣಿಸುವ ತಾಯಿಯ ಬಾಯಿ ತಾನೇ ತೆರೆದುಕೊಳ್ಳುತ್ತದಲ್ಲ, ಹಾಗೆ ಈಗ ವಾರಿಜಾ ಅವರ ಉಸಿರು ಪೆಟ್ಟಿಗೆಯ ಉಸಿರಿನ ಜೊತೆಗೇ ಹೋಗಿಬರುತ್ತದೆ.

"ಮನೆಯಲ್ಲಿ ಬಡಿಸುವಾಗಲೂ ಸೌಟು ಹಿಡಿದು ನಿಲ್ತೇನೆ. ಇವರು ಬೈತಾರೆ, ಯಾರ ಅಪ್ಪಣೆಗೆ ಕಾಯ್ತಿ ಮಾರಾಯ್ತಿ, ಸಾರು ಆರಿತು ಅಂತ."

ಅವರ ಕೆಲಸ ಕಾಯುವುದಷ್ಟೇ ಅಲ್ಲ. ಕಳೆದ ವಾರ ಮೂರ್ತಿಯವರ ತಾಯಿ ಪುಟ್ಟಲಕ್ಷ್ಮಿ ದೇವಸ್ಥಾನದಿಂದ ದಾರ ತಂದಿದ್ದರು. ಮಗನ ಕೈಗೆ ಕಟ್ಟಬೇಕೆಂದು ಪೆಟ್ಟಿಗೆಯ ಪಕ್ಕದ ಕಿಂಡಿಯನ್ನು ತೆರೆದೇಬಿಟ್ಟರು. ಗಾಳಿ ಸೋರಿ ಮಗನ ತುಟಿ ನೀಲಿಗಟ್ಟಿತು. ವಾರಿಜಾ ಓಡಿಬಂದು ಕಿಂಡಿ ಮುಚ್ಚಿದರು. ಮುದುಕಿಯನ್ನು ಬೈಯಲಿಲ್ಲ. ಅದೇ ದಾರವನ್ನು ಪೆಟ್ಟಿಗೆಯ ಹಿಡಿಗೆ ಕಟ್ಟಿದರು. "ಈಗ ಉಸಿರಾಡುವುದು ಇದಲ್ಲವಾ ಅಮ್ಮ, ದೇವರು ಇದನ್ನೂ ನೋಡ್ಲಿ." ದಾರ ಇನ್ನೂ ಅಲ್ಲೇ ಇದೆ.

ಡಾಕ್ಟರು ಬರುತ್ತಾರೆ. ಕುತ್ತಿಗೆಯ ರಬ್ಬರ್ ಪಟ್ಟಿ ಸಡಿಲಿಸಿ ಮೂರ್ತಿಯವರನ್ನು ಹಾಸಿಗೆಸಮೇತ ಹೊರಗೆಳೆಯುತ್ತಾರೆ, ತಲೆದಿಂಬು ಏರಿಸುತ್ತಾರೆ. ಸ್ವಿಚ್ ಆರಿಸಿದಾಗ ವಾರ್ಡಿನಲ್ಲಿ ಫ್ಯಾನಿನ ಸದ್ದಷ್ಟೇ ಉಳಿಯುತ್ತದೆ. ಪಂಕಜಾ ಸೆರಗಿನ ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದಿದ್ದಾರೆ. ತೆಳ್ಳಗಿನ ಎದೆ ಏಳುತ್ತದೆ, ಇಳಿಯುತ್ತದೆ. ಮತ್ತೆ ಏಳುತ್ತದೆ. ಮೂರ್ತಿ ಕಣ್ಣು ಮುಚ್ಚಿದ್ದಾರೆ, ಹಣೆಯಲ್ಲಿ ಬೆವರು. ಆದರೆ ಈ ಸಲ ಬೇಡುತ್ತಿಲ್ಲ.

ಸ್ವಲ್ಪ ಹೊತ್ತಾದ ಮೇಲೆ ಡಾಕ್ಟರು ತಲೆಯಾಡಿಸಿ, ಉಳಿದ ಗಂಜಿ ಕೊಡಬಹುದು ಎನ್ನುತ್ತಾರೆ. ವಾರಿಜಾ ಚಮಚ ಎತ್ತುತ್ತಾರೆ. ಬಾಯಿಯ ಹತ್ತಿರ ಒಯ್ದು ಹಾಗೇ ನಿಲ್ಲುತ್ತಾರೆ.

ಮೂರ್ತಿ ಕಣ್ಣು ತೆರೆಯುತ್ತಾರೆ. "ಯಾರಿಗೆ ಕಾಯ್ತಿದೀರಾ ವಾರಿಜಮ್ಮ? ಆ ಪೆಟ್ಟಿಗೆ ಯಜಮಾನ ಮಲಗಿಬಿಟ್ಟ, ಕೊಡಿ ಇತ್ಲಾಗೆ."

ಅಷ್ಟನ್ನೂ ಒಂದೇ ಉಸಿರಿಗೆ ಹೇಳಿದ್ದಾರೆ. ಪಂಕಜಾ ಮೆಲ್ಲಗೆ ಸ್ಟೂಲಿನ ಮೇಲೆ ಕೂರುತ್ತಾರೆ.

ನಿದ್ದೆಗೆ ಇನ್ನೂ ಕೆಲವು ದಿನ ಪೆಟ್ಟಿಗೆ ಬೇಕು. ಹಗಲಿನಲ್ಲಿ ಹೊರಗಿರುವ ಹೊತ್ತನ್ನು ಸ್ವಲ್ಪ ಸ್ವಲ್ಪವೇ ಹೆಚ್ಚಿಸುತ್ತಾರೆ. ಇನ್ನು ಭಯವಿಲ್ಲ ಎಂದಿದ್ದಾರೆ ಡಾಕ್ಟರು. ನಲ್ಲಿಯಡಿ ಚಮಚ ತೊಳೆಯುತ್ತಿರುವ ವಾರಿಜಾ ಅವರನ್ನು, ನಿಮಗೇನಾದರೂ ಆಸೆಯಿದೆಯೇ ಎಂದು ಕೇಳಿದರೆ ನಗುತ್ತಾರೆ.

"ಮೂರ್ತಿಯವರು ಗುಣವಾಗಿ ಮನೆಗೆ ಹೋದ ಮೇಲೆ ಒಂದು ಭಾನುವಾರ ಮಲಾಡಿಗೆ ಹೋಗ್ಬೇಕು ಅಂತ ಉಂಟು. ಬಾಯಲ್ಲಿ ತುತ್ತು ಇಟ್ಕೊಂಡೇ ಇವರು ಹೆಂಡತಿ ಹತ್ರ ಉಪ್ಪಿಗೆ ಜಗಳ ಮಾಡ್ಬೇಕು. ನಾನು ಒಂದು ಬದಿಯಲ್ಲಿ ಕೈ ಕಟ್ಟಿ ಕೂತು ನೋಡ್ಬೇಕು."